ಸೆರೆ ಸಿಕ್ಕ ಪೈಲಟ್ ಹೀರೋ ಹೇಗಾಗ್ತಾನೆ? ಹತ್ತನೇ ಕ್ಲಾಸಿನ ಹುಡುಗನ ಪ್ರಶ್ನೆ

ಮಧುಗಿರಿ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಮಧುಗಿರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಡಿಸೆಂಬರ್ 16ರ ವಿಜಯ ದಿವಸಕ್ಕೆ 1971ರ ಯುದ್ಧದ ಬಗ್ಗೆ ಮಕ್ಕಳಿಗೆ ಒಂದು ಗಂಟೆ ಮಾತಾಡಬೇಕು. ಪಾಕಿಸ್ತಾನದಲ್ಲಿ ಸೆರೆಯಲ್ಲಿದ್ದ ನಮ್ಮ ಪೈಲಟ್‌ಗಳ ಕಥೆ ಹೇಳೋಣ ಅಂತ ಮೊನ್ನೆ ಕ್ಲಾಸಲ್ಲಿ ಸ್ವಲ್ಪ ಶುರು ಮಾಡಿದೆ. ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸಾರ್, ವಿಮಾನ ಬಿತ್ತು, ಶತ್ರು ಕೈಗೆ ಸಿಕ್ಕಿಬಿದ್ರು. ಇದರಲ್ಲಿ ಶೌರ್ಯ ಎಲ್ಲಿದೆ? ಹೊಡೆದು ಬಂದವರ ಕಥೆ ಹೇಳಿ." ಅರ್ಧ ಕ್ಲಾಸು ಅವನ ಪರ ತಲೆ ಆಡಿಸಿತು.

ಗದರಿಸಿ ಕೂರಿಸೋಕೆ ಮನಸ್ಸು ಬರಲಿಲ್ಲ. ಪ್ರಾಮಾಣಿಕ ಪ್ರಶ್ನೆ ಅದು. ಉತ್ತರವೂ ಹಾಗೇ ಇರಬೇಕು. "ಕಷ್ಟ ಬಂದರೂ ಎದೆಗುಂದಬೇಡಿ" ಅಂತ ಭಾಷಣ ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಗುಬ್ಬಿ ಹುಡುಗ
ಅಭಿನಂದನ್ ಕಥೆ ಹೇಳಿ ಸಾರ್. ಮಕ್ಕಳಿಗೆ ಗೊತ್ತಿರೋ ಮುಖ. 2019 ಫೆಬ್ರವರಿ 27ಕ್ಕೆ ಸಿಕ್ಕಿಬಿದ್ದರು, ಮಾರ್ಚ್ 1ರ ರಾತ್ರಿ ವಾಘಾ ದಾಟಿ ಬಂದರು. ಕಣ್ಣಿಗೆ ಬಟ್ಟೆ ಕಟ್ಟಿ, ಮುಖದಲ್ಲಿ ರಕ್ತ ಇದ್ದಾಗಲೂ ಹೆಸರು, ನಂಬರ್ ಬಿಟ್ಟು ಜಾಸ್ತಿ ಏನೂ ಹೇಳಲಿಲ್ಲ. ಕೇಳಿದ್ದಕ್ಕೆಲ್ಲ "ಅದನ್ನ ನಾನು ಹೇಳೋ ಹಾಗಿಲ್ಲ" ಅನ್ನೋ ಅರ್ಥದ ಉತ್ತರ. ಆಗ ನಮ್ಮೂರಲ್ಲಿ ಎಲ್ಲರೂ ಅದೇ ಮೀಸೆ ಬಿಟ್ಟಿದ್ದರು!

ಕ್ಯಾತ್ಸಂದ್ರದವ
ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ? ಅಭಿನಂದನ್‌ಗೆ ವೀರಚಕ್ರ ಕೊಟ್ಟಿದ್ದು ಆಕಾಶದಲ್ಲಿ ಕಾದಾಡಿದ್ದಕ್ಕೆ, ಸೆರೆ ಸಿಕ್ಕಿದ್ದಕ್ಕಲ್ಲ. ಸೆರೆ ಅನ್ನೋದು ದುರದೃಷ್ಟ. ದುರದೃಷ್ಟಕ್ಕೆ ಮರುಕ ಪಡಬಹುದು, ಗೌರವ ಕೊಡಬಹುದು. ಆದರೆ ಶೌರ್ಯ ಬೇರೆ ಕಣ್ರೀ.

ಅಮಾನಿಕೆರೆ
ಕ್ಯಾತ್ಸಂದ್ರದವರೇ, ಅಷ್ಟು ಸಲೀಸಾಗಿ ಗೆರೆ ಎಳೆಯೋಕಾಗಲ್ಲ. ಸೆರೆ ಸಿಕ್ಕ ಮೇಲೆ ಏನು ಮಾಡಿದರು ಅನ್ನೋದು ಮುಖ್ಯ ಅಲ್ವಾ?

ದಿಲೀಪ್ ಪಾರುಳ್ಕರ್ ಅವರನ್ನೇ ನೋಡಿ. ಫ್ಲೈಟ್ ಲೆಫ್ಟಿನೆಂಟ್. 1971 ಡಿಸೆಂಬರ್ 10ರಂದು ಅವರ ಸುಖೋಯ್-7 ವಿಮಾನ ಬಿತ್ತು, ಸೆರೆಯಾದರು. ರಾವಲ್ಪಿಂಡಿಯ ಕ್ಯಾಂಪಿಗೆ ಹಾಕಿದರು. ಮೊದಲು ಎಲ್ಲರಿಗೂ ಒಂಟಿ ಕೋಣೆ. ಆ ವರ್ಷದ ಕ್ರಿಸ್‌ಮಸ್ ದಿನ ನಮ್ಮ ಪೈಲಟ್‌ಗಳನ್ನೆಲ್ಲ ಹೊರಗೆ ಬಿಟ್ಟು ಒಟ್ಟಿಗೆ ಸೇರಿಸಿದರು. ಪಾರುಳ್ಕರ್ ತಲೆಯಲ್ಲಿ ಮೊದಲ ದಿನದಿಂದಲೂ ಒಂದೇ ವಿಚಾರ: ತಪ್ಪಿಸಿಕೊಳ್ಳಬೇಕು.

ಎಂ.ಎಸ್. ಗ್ರೆವಾಲ್, ಹರೀಶ್ ಸಿನ್ಹಜಿ ಜೊತೆಗೂಡಿದರು. ತಿಂಗಳುಗಟ್ಟಲೆ ಕೋಣೆಯ ಗೋಡೆಯ ಇಟ್ಟಿಗೆ ಒಂದೊಂದಾಗಿ ಸಡಿಲ ಮಾಡಿದರು. ಕಾವಲಿನವರಿಗೆ ಗೊತ್ತಾಗದ ಹಾಗೆ. ಹೊಲಿಗೆ ಸೂಜಿಗೆ ಅಯಸ್ಕಾಂತ ಉಜ್ಜಿ ದಿಕ್ಸೂಚಿ ಮಾಡಿಕೊಂಡರು. ಪೈಲಟ್‌ಗಳು ಹಾರುವಾಗ ತೊಡುವ ಜಿ-ಸೂಟ್ ಇರುತ್ತದಲ್ಲ, ಅದರೊಳಗಿನ ರಬ್ಬರ್ ಚೀಲವನ್ನು ನೀರಿನ ಚೀಲ ಮಾಡಿದರು. ನಕ್ಷೆ ಸಿಕ್ಕಿದ್ದು ಶಾಲಾ ಅಟ್ಲಾಸಿನಿಂದ. ಕೈದಿಗಳಿಗೆ ಕೊಡುತ್ತಿದ್ದ ತಿಂಗಳ ಭತ್ಯೆ ಉಳಿಸಿ ದಾರಿಖರ್ಚಿಗೆ ಇಟ್ಟುಕೊಂಡರು.

1972ರ ಆಗಸ್ಟ್ 12-13ರ ರಾತ್ರಿ, ಮಳೆಗಾಳಿಯಲ್ಲಿ ಹೊರಬಿದ್ದರು. ಆಗಸ್ಟ್ 14 ಅಲ್ಲಿನ ಸ್ವಾತಂತ್ರ್ಯ ದಿನ, ಎಲ್ಲರೂ ಆ ಗಡಿಬಿಡಿಯಲ್ಲಿ ಇರುತ್ತಾರೆ ಅನ್ನೋ ಲೆಕ್ಕ. ಬಸ್ ಹಿಡಿದು ಪೇಶಾವರ, ಅಲ್ಲಿಂದ ಮುಂದೆ ಖೈಬರ್ ಕಣಿವೆಯ ಲಂಡಿ ಕೋತಲ್ ತನಕ ಹೋದರು. ಅಫ್ಘಾನಿಸ್ತಾನದ ಗಡಿ ಇನ್ನು ಏಳೆಂಟು ಕಿಲೋಮೀಟರ್ ಅಷ್ಟೇ.

ಇವರನ್ನ "ಸಿಕ್ಕಿಬಿದ್ದವರು" ಅಂತ ಒಂದು ಮಾತಲ್ಲಿ ಮುಗಿಸೋಕಾಗುತ್ತಾ?

ತಿಪಟೂರು ಕೊಬ್ಬರಿ
ಏಳೆಂಟು ಕಿಲೋಮೀಟರ್ ಅಂದ್ರೆ ತುಮಕೂರು ಟೌನ್‌ಹಾಲಿನಿಂದ ಹೊರಟು ಕ್ಯಾತ್ಸಂದ್ರ ದಾಟಿದಷ್ಟು ದೂರ. ಅಯ್ಯೋ ದೇವರೇ. ಆಮೇಲೆ ಏನಾಯ್ತು ಮೇಡಂ?

ಅಮಾನಿಕೆರೆ
ಅಟ್ಲಾಸ್ ಹಳೆಯದು. ಅದರಲ್ಲಿ ಗಡಿಯ ಹತ್ತಿರ ಲಂಡಿ ಖಾನಾ ಅಂತ ರೈಲ್ವೆ ಸ್ಟೇಷನ್ ಇತ್ತು. ಲಂಡಿ ಕೋತಲ್‌ನಲ್ಲಿ ಟೀ ಅಂಗಡಿ ಹತ್ತಿರ ಲಂಡಿ ಖಾನಾಕ್ಕೆ ಹೇಗೆ ಹೋಗೋದು ಅಂತ ಕೇಳಿದರು. ಆ ಸ್ಟೇಷನ್ 1932ರಲ್ಲೇ ಮುಚ್ಚಿಹೋಗಿತ್ತು! ಸ್ಥಳೀಯರಿಗೆ ಅನುಮಾನ ಬಂತು. ಆ ಕಾಲದಲ್ಲಿ ಪಶ್ಚಿಮ ಪಾಕಿಸ್ತಾನದಲ್ಲಿ ಸಿಕ್ಕಿಹಾಕಿಕೊಂಡಿದ್ದ ಬಂಗಾಳಿಗಳು ಅದೇ ದಾರಿಯಲ್ಲಿ ಅಫ್ಘಾನಿಸ್ತಾನಕ್ಕೆ ಹೋಗುತ್ತಿದ್ದರು, ಇವರೂ ಹಾಗೇ ಇರಬೇಕು ಅಂತ ಹಿಡಿದರು.

ಗುಡ್ಡಗಾಡಿನ ಜನ, ಕೈಯಲ್ಲಿ ಬಂದೂಕು. ಗೂಢಚಾರರು ಅಂತ ಅಲ್ಲೇ ಗುಂಡು ಹೊಡೆದಿದ್ದರೂ ಕೇಳೋರಿರಲಿಲ್ಲ. ಪಾರುಳ್ಕರ್ ಹಠ ಹಿಡಿದು ಕ್ಯಾಂಪಿನ ಹಳೆಯ ಅಧಿಕಾರಿ ಸ್ಕ್ವಾಡ್ರನ್ ಲೀಡರ್ ಉಸ್ಮಾನ್ ಹಮೀದ್‌ಗೆ ಫೋನ್ ಮಾಡಿಸಿದರು. ಅವರು "ಇವರು ನಮ್ಮ ಯುದ್ಧಕೈದಿಗಳು, ಏನೂ ಮಾಡಬೇಡಿ" ಅಂತ ಹೇಳಿದ್ದರಿಂದ ಪ್ರಾಣ ಉಳಿಯಿತು.

ಆಮೇಲೆ ಎಲ್ಲರನ್ನೂ ಲಾಯಲ್ಪುರದ ಜೈಲಿಗೆ ಸಾಗಿಸಿದರು. ಈಗ ಅದು ಫೈಸಲಾಬಾದ್. 1972 ಡಿಸೆಂಬರ್ 1ರಂದು ವಾಘಾ ಮೂಲಕ ವಾಪಸ್ ಬಂದರು. ಪಾರುಳ್ಕರ್ ಗ್ರೂಪ್ ಕ್ಯಾಪ್ಟನ್ ಆಗಿ ನಿವೃತ್ತರಾದರು. 2025ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಕ್ಯಾತ್ಸಂದ್ರದವ
ಇದು ಶೌರ್ಯ. ಒಪ್ಪಿದೆ. ಆದರೆ ಇದು ತಪ್ಪಿಸಿಕೊಂಡ ಶೌರ್ಯ. ತಪ್ಪಿಸಿಕೊಳ್ಳದೇ ಸುಮ್ನೆ ಕೂತಿದ್ದವರು? ಅವರ ಬಗ್ಗೆ ಹುಡುಗನಿಗೆ ಏನು ಹೇಳ್ತೀರಿ? ಇನ್ನೊಂದು, ಮೂರು ಜನ ಓಡಿಹೋದ ಮೇಲೆ ಉಳಿದವರ ಮೇಲೆ ಕಟ್ಟುನಿಟ್ಟು ಜಾಸ್ತಿ ಆಗಿರುತ್ತದೆ. ಅದು ಸರೀನಾ?

ಲಾ ಓದ್ತಿರೋಳು
ನಾನು ತುಮಕೂರಲ್ಲಿ ಕಾನೂನು ಓದುತ್ತಿದ್ದೇನೆ. 1949ರ ಮೂರನೇ ಜಿನೀವಾ ಒಪ್ಪಂದ ಇರೋದೇ ಯುದ್ಧಕೈದಿಗಳಿಗಾಗಿ. ಈ ಚರ್ಚೆಗೆ ಬೇಕಾದಷ್ಟು ಹೇಳುತ್ತೇನೆ.

17ನೇ ವಿಧಿ: ಕೈದಿ ಹೇಳಬೇಕಾದ್ದು ಹೆಸರು, ಹುದ್ದೆ, ಹುಟ್ಟಿದ ದಿನ, ಸೇನೆಯ ನಂಬರ್ ಅಷ್ಟೇ. ಬೇರೆ ಮಾಹಿತಿಗಾಗಿ ಹಿಂಸೆ ಕೊಡುವಂತಿಲ್ಲ. ಅಭಿನಂದನ್ ನಡೆದುಕೊಂಡಿದ್ದು ಹೀಗೇ.

13ನೇ ವಿಧಿ: ಕೈದಿಯನ್ನು ಜನರ ಕುತೂಹಲಕ್ಕೆ ಪ್ರದರ್ಶನಕ್ಕೆ ಇಡಬಾರದು. ಅವತ್ತು ಆ ವಿಡಿಯೋಗಳ ಬಗ್ಗೆ ಭಾರತ ಆಕ್ಷೇಪ ಎತ್ತಿದ್ದು ಅದಕ್ಕೇ. ನಾವೆಲ್ಲ ವಾಟ್ಸಾಪ್‌ನಲ್ಲಿ ಅದನ್ನೇ ಹಂಚಿಕೊಂಡಿದ್ದೆವು ಅನ್ನೋದೂ ಮಕ್ಕಳಿಗೆ ಹೇಳಬೇಕಾದ ವಿಷಯ.

ತಪ್ಪಿಸಿಕೊಳ್ಳುವ ಬಗ್ಗೆ: ಪ್ರಯತ್ನ ಮಾಡಿ ಸಿಕ್ಕಿಬಿದ್ದರೆ ಶಿಸ್ತಿನ ಶಿಕ್ಷೆ ಮಾತ್ರ ಕೊಡಬಹುದು, ಅದೂ ಗರಿಷ್ಠ 30 ದಿನ. ಅಂದರೆ ಒಪ್ಪಂದವೇ ಅದನ್ನು ದೊಡ್ಡ ಅಪರಾಧ ಅಂತ ನೋಡುವುದಿಲ್ಲ. ಉಳಿದವರನ್ನು ಒಟ್ಟಾಗಿ ದಂಡಿಸುವುದಕ್ಕಂತೂ ಅವಕಾಶವೇ ಇಲ್ಲ. ಹಾಗಾಗಿ ಅವರ ಮೇಲೆ ಬಿಗಿ ಮಾಡಿದ್ದರೆ ಅದರ ಹೊಣೆ ಕಾವಲಿಟ್ಟವರದು, ಓಡಿದವರದಲ್ಲ.

ಭತ್ಯೆ ವಿಷಯ ಬಂತಲ್ಲ. ಅದೂ ಅದೇ ಒಪ್ಪಂದದ 60ನೇ ವಿಧಿ. ಮೇಜರ್‌ಗಿಂತ ಕೆಳಗಿನ ಅಧಿಕಾರಿಗೆ ತಿಂಗಳಿಗೆ 50 ಸ್ವಿಸ್ ಫ್ರಾಂಕ್ ಲೆಕ್ಕ. ರಾವಲ್ಪಿಂಡಿಯಲ್ಲಿ ಇವರ ಕೈಗೆ ಸಿಗುತ್ತಿದ್ದದ್ದು 57 ರೂಪಾಯಿ. ಬೇಲಿ ಹಾರೋಕೆ ಬೇಕಾದ ದುಡ್ಡು ಕಾನೂನೇ ಕೊಟ್ಟಿತ್ತು ನೋಡಿ!

ತಿಪಟೂರು ಕೊಬ್ಬರಿ
ಸೂಪರ್ ಕಣಮ್ಮ. ಕೋರ್ಸ್ ಮುಗಿದ ಮೇಲೆ ನಮ್ಮ ಜಮೀನಿನ ಕೇಸೂ ನೀನೇ ತಗೋ.

ಮಾಜಿ ಏರ್‌ಮನ್, ಶಿರಾ
ಮೇಷ್ಟ್ರೇ, ನಾನು ವಾಯುಪಡೆಯಲ್ಲಿ ನೆಲದ ಮೇಲೆ ಕೆಲಸ ಮಾಡಿದವನು. ಸೇಫ್ಟಿ ಸೆಕ್ಷನ್. ಪ್ಯಾರಾಶೂಟ್, ಎಜೆಕ್ಷನ್ ಸೀಟು, ಬದುಕುಳಿಯೋಕೆ ಬೇಕಾದ ಕಿಟ್, ಇವು ನಮ್ಮ ಜವಾಬ್ದಾರಿ. ಹುಡುಗನಿಗೆ ಮೊದಲು ಒಂದು ವಿಷಯ ತಿಳಿಸಿ. ವಿಮಾನ ಬಿದ್ದ ಕ್ಷಣದಲ್ಲಿ ಏನಾಗುತ್ತದೆ ಅನ್ನೋದು ಅವನ ಕಣ್ಣಿಗೆ ಬಂದಿಲ್ಲ.

ಹಿಡಿ ಎಳೆದ ಕೂಡಲೇ ಸೀಟಿನ ಕೆಳಗಿನ ಸಿಡಿಮದ್ದು ಹೊತ್ತಿಕೊಂಡು ಪೈಲಟ್‌ನನ್ನು ಸೀಟಿನ ಸಮೇತ ಮೇಲಕ್ಕೆ ಎಸೆಯುತ್ತದೆ. ದೇಹದ ಭಾರ ಆ ಗಳಿಗೆಯಲ್ಲಿ ಹತ್ತು ಪಟ್ಟು ಮೀರುತ್ತದೆ. ಬೆನ್ನು ನೆಟ್ಟಗೆ ಇಲ್ಲದಿದ್ದರೆ ಮೂಳೆ ಕುಸಿಯುತ್ತದೆ, ನೆಟ್ಟಗಿದ್ದರೂ ಕೆಲವು ಸಲ ಕುಸಿಯುತ್ತದೆ. ಮುಖಕ್ಕೆ ಗಾಳಿಯ ಪೆಟ್ಟು. ಆಮೇಲೆ ಪ್ಯಾರಾಶೂಟ್ ಬಿಚ್ಚುವ ಜರ್ಕು, ಆಮೇಲೆ ನೆಲದ ಪೆಟ್ಟು. ಆಮೇಲೆ ದೊಣ್ಣೆ ಹಿಡಿದ ಜನ. ಇಷ್ಟೂ ಆದ ಮೇಲೆ ವಿಚಾರಣೆ ಶುರುವಾಗುತ್ತದೆ. ಮುರಿದ ಬೆನ್ನಿನಲ್ಲಿ ಬಾಯಿ ಮುಚ್ಚಿಕೊಂಡು ಕೂರೋದು "ಸುಮ್ನೆ ಕೂರೋದು" ಅಲ್ಲ, ಕ್ಯಾತ್ಸಂದ್ರದವರೇ.

ಫಿಸಿಯೋ, ಕುಣಿಗಲ್
ಏರ್‌ಮನ್ ಸಾರ್ ಹೇಳಿದ್ದು ಸರಿ. ಸಾಮಾನ್ಯವಾಗಿ ಪೆಟ್ಟು ಬೀಳೋದು ಎದೆಯ ಭಾಗದ ಬೆನ್ನುಮೂಳೆ ಸೊಂಟದ ಭಾಗಕ್ಕೆ ಸೇರುವ ಜಾಗದಲ್ಲಿ. ಅಲ್ಲಿ ಮೂಳೆ ಬಿಲ್ಲೆ ಒತ್ತಿ ಚಪ್ಪಟೆಯಾಗುತ್ತದೆ. ಅಂಥವರಿಗೆ ಬೇಕಾಗಿರೋದು ವಿಶ್ರಾಂತಿ, ಆಸರೆಯ ಪಟ್ಟಿ, ನೋವಿನ ಔಷಧಿ. ಸೆರೆಯಲ್ಲಿ ನೆಲದ ಮೇಲೆ ಮಲಗಿದವರ ಸ್ಥಿತಿ ಯೋಚಿಸಿ.

ಕಾರ್ಗಿಲ್ ಯುದ್ಧದ ನಚಿಕೇತ ಅವರಿಗೂ ಬೆನ್ನಿಗೆ ಪೆಟ್ಟಾಗಿತ್ತು. ಮತ್ತೆ ಫೈಟರ್ ವಿಮಾನ ಓಡಿಸಲು ಆಗಲಿಲ್ಲ. ಆದರೆ ಹಾರೋದು ಬಿಡಲಿಲ್ಲ, ದೊಡ್ಡ ಸಾಗಣೆ ವಿಮಾನಗಳಿಗೆ ಬದಲಾದರು.

ಗುಬ್ಬಿ ಹುಡುಗ
ನಚಿಕೇತ ಅವರ ಬಗ್ಗೆ ಇನ್ನೊಂದಿಷ್ಟು. 1999 ಮೇ 27, ಬಟಾಲಿಕ್ ಕಡೆ. ಮಿಗ್-27ರ ಎಂಜಿನ್ ಆರಿಹೋಯಿತು, ಎಜೆಕ್ಟ್ ಆದರು. ಹಿಡಿದ ಸೈನಿಕರು ಹೊಡೆಯುತ್ತಿದ್ದಾಗ ಅಲ್ಲಿನ ಒಬ್ಬ ಹಿರಿಯ ಅಧಿಕಾರಿ ಬಂದು ತಡೆದರು ಅಂತ ಅವರೇ ಹೇಳಿದ್ದಾರೆ. ಜೂನ್ 3ಕ್ಕೆ ರೆಡ್ ಕ್ರಾಸ್ ಮೂಲಕ ಬಿಡುಗಡೆ.

ನಚಿಕೇತ ಎಜೆಕ್ಟ್ ಆದ ದಿನವೇ ಅವರನ್ನು ಹುಡುಕಲು ಸುತ್ತು ಹೊಡೆಯುತ್ತಿದ್ದ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ಮಿಗ್-21ಗೆ ಕ್ಷಿಪಣಿ ಬಡಿಯಿತು. ಅವರು ಉಳಿಯಲಿಲ್ಲ. ವೀರಚಕ್ರ ಬಂತು. ಸೆರೆ ಸಿಕ್ಕ ಗೆಳೆಯನನ್ನ ಬಿಟ್ಟು ಹೋಗಲ್ಲ ಅಂತ ಸುತ್ತು ಹೊಡೆದವರು. ಅವರು ನಚಿಕೇತರನ್ನ "ಸೋತವನು" ಅಂದುಕೊಂಡಿದ್ದರಾ? ಹುಡುಗನಿಗೆ ಇದನ್ನ ಕೇಳಿ ಸಾರ್.

ಕ್ಯಾತ್ಸಂದ್ರದವ
ಅಹುಜಾ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ಒಳ್ಳೆ ಉತ್ತರ ಗುರು.

ಕೊಡಗಿನ ಸೊಸೆ
ಹುಟ್ಟಿದ್ದು ತುರುವೇಕೆರೆ, ಮದುವೆಯಾಗಿ ಬಂದಿದ್ದು ಮಡಿಕೇರಿ. ಹಾಗಾಗಿ ಎರಡೂ ಕಡೆಯವಳು. ಕಾರ್ಯಪ್ಪನವರ ಕಥೆ ಯಾರೂ ಹೇಳಲಿಲ್ಲವಲ್ಲ!

ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ, ಇಲ್ಲಿ ಎಲ್ಲರಿಗೂ ನಂದಾ ಕಾರ್ಯಪ್ಪ. 1965ರ ಯುದ್ಧದ ಕೊನೇ ದಿನ, ಸೆಪ್ಟೆಂಬರ್ 22ಕ್ಕೆ, ಅವರ ಹಂಟರ್ ವಿಮಾನಕ್ಕೆ ಗುಂಡು ಬಿದ್ದು ಸೆರೆಯಾದರು. ಅವರಿಗೂ ಬೆನ್ನಿಗೆ ಪೆಟ್ಟು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡ್ತೀವಿ ಅಂತ ಸುದ್ದಿ ಕಳಿಸಿದರು. ಫೀಲ್ಡ್ ಮಾರ್ಷಲ್ ಒಪ್ಪಲಿಲ್ಲ. ಈಗ ಅವನು ನನ್ನ ಮಗ ಅಲ್ಲ, ದೇಶದ ಮಗ, ಬಿಡುವುದಾದರೆ ಎಲ್ಲ ಕೈದಿಗಳನ್ನೂ ಬಿಡಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ನಂದಾ ಅವರು ಎಲ್ಲರ ಜೊತೆಗೇ 1966ರ ಜನವರಿಯಲ್ಲಿ ಬಂದರು. ಮುಂದೆ ಏರ್ ಮಾರ್ಷಲ್ ಆದರು.

ಅಮಾನಿಕೆರೆ
ಒಂದು ಸಣ್ಣ ತಿದ್ದುಪಡಿ. 1965ರಲ್ಲಿ ಕಾರ್ಯಪ್ಪನವರು ಫೀಲ್ಡ್ ಮಾರ್ಷಲ್ ಆಗಿರಲಿಲ್ಲ. 1953ರಲ್ಲಿ ಜನರಲ್ ಆಗಿ ನಿವೃತ್ತರಾಗಿದ್ದರು. ಫೀಲ್ಡ್ ಮಾರ್ಷಲ್ ಪದವಿ ಬಂದಿದ್ದು 1986ರಲ್ಲಿ. ಮಕ್ಕಳ ಮುಂದೆ ಹೇಳುವಾಗ ಇಸವಿ ಸರಿ ಇರಲಿ.

ಕೊಡಗಿನ ಸೊಸೆ
ಇಸವಿ ಬರೆದುಕೊಳ್ಳಲಿ ಮೇಡಂ, ಆದರೆ ಕೊಡಗಿನಲ್ಲಿ ಅವರು ಯಾವಾಗಲೂ ಫೀಲ್ಡ್ ಮಾರ್ಷಲ್ಲೇ.

ಅದೇ ಯುದ್ಧದ ಇನ್ನೊಬ್ಬರು ಅಜ್ಜಮಾಡ ದೇವಯ್ಯ. ಸೆಪ್ಟೆಂಬರ್ 7ಕ್ಕೆ ಸರ್ಗೋಧಾ ಮೇಲೆ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಹೊಸ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನ ಬೀಳಿಸಿದ್ದು ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಅಲ್ಲೀವರೆಗೆ ಅವರು ಬರೀ "ಕಾಣೆಯಾದವರು". ಬೀಳಿಸಿದ ಮೇಲೆ ಬೀಳಬಹುದು, ಬಿದ್ದ ಮೇಲೆ ಸೆರೆಯಾಗಬಹುದು. ಹೊಡೆದವರು ಬೇರೆ, ಸಿಕ್ಕಿಬಿದ್ದವರು ಬೇರೆ ಅಂತ ಎರಡು ಜಾತಿ ಇಲ್ಲ.

ತಿಪಟೂರು ಕೊಬ್ಬರಿ
ಮಗನನ್ನ ಬಿಡಬೇಡಿ ಅನ್ನೋಕೆ ಎಂಥ ಎದೆ ಬೇಕು. ನನ್ನ ಮಗ ಬೆಂಗಳೂರಿಗೆ ಹೋಗಿ ಎರಡು ದಿನ ಫೋನ್ ಮಾಡದಿದ್ದರೆ ಮನೆಯವಳು ಊಟ ಬಿಡುತ್ತಾಳೆ.

ಲಾ ಓದ್ತಿರೋಳು
ಇದರದೇ ಇನ್ನೊಂದು ಮುಖ ಅಮೆರಿಕದಲ್ಲಿ ಇದೆ. ಜಾನ್ ಮೆಕೇನ್. 1967 ಅಕ್ಟೋಬರ್ 26ಕ್ಕೆ ಹನೋಯ್ ಮೇಲೆ ಅವರ ವಿಮಾನ ಬಿತ್ತು. ಎರಡೂ ಕೈ, ಒಂದು ಕಾಲು ಮುರಿದಿತ್ತು. 1968ರಲ್ಲಿ ಅವರಪ್ಪ ಪೆಸಿಫಿಕ್ ಪ್ರದೇಶದ ಪೂರ್ತಿ ಸೇನೆಗೆ ಮುಖ್ಯಸ್ಥರಾದರು. ವಿಯೆಟ್ನಾಂನವರು ಮಗನನ್ನ ಮೊದಲೇ ಬಿಡ್ತೀವಿ ಅಂದರು. ಮೆಕೇನ್ ಒಪ್ಪಲಿಲ್ಲ. ನನಗಿಂತ ಮೊದಲು ಸಿಕ್ಕವರು ಮೊದಲು ಹೋಗಲಿ ಅಂದರು. ಅದಕ್ಕೆ ಇನ್ನೂ ಹೊಡೆತ ತಿಂದರು. ಬಿಡುಗಡೆ ಆಗಿದ್ದು 1973ರ ಮಾರ್ಚ್‌ನಲ್ಲಿ. ಇಲ್ಲಿ ಅಪ್ಪ ಬೇಡ ಅಂದರು, ಅಲ್ಲಿ ಮಗನೇ ಬೇಡ ಅಂದ. ಬಾಗಿಲು ತೆರೆದಿದ್ದರೂ ಹೋಗದೇ ಇರೋದು. ಇದಕ್ಕಿಂತ ಶೌರ್ಯ ಬೇಕಾ?

ಮಧುಗಿರಿ ಮೇಷ್ಟ್ರು
ಅದ್ಭುತ. ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಒಂದು ಕೇಳಬೇಕು. ಒಂಟಿ ಕೋಣೆಯಲ್ಲಿ ತಿಂಗಳು, ವರ್ಷ ಇದ್ದವರು ತಲೆ ಕೆಡದೆ ಹೇಗೆ ಉಳಿದರು? ಮಕ್ಕಳು ಖಂಡಿತ ಇದನ್ನ ಕೇಳುತ್ತಾರೆ.

ಮೋಟಿವೇಷನ್ ಮಂಜಣ್ಣ
ಪಾಸಿಟಿವ್ ಥಿಂಕಿಂಗ್ ಸಾರ್! ನಾಳೆ ಒಳ್ಳೇದಾಗುತ್ತೆ ಅಂತ ನಂಬಿದವರು ಗೆದ್ದರು. ನಾನು ತರಬೇತಿಗಳಲ್ಲಿ ಹೇಳೋದೂ ಅದನ್ನೇ.

ಅಮಾನಿಕೆರೆ
ಮಂಜಣ್ಣ, ಅನುಭವಿಸಿದವರು ಹೇಳಿದ್ದು ಹಾಗಿಲ್ಲ. ಜೇಮ್ಸ್ ಸ್ಟಾಕ್‌ಡೇಲ್ ಅಂತ ಅಮೆರಿಕದ ನೌಕಾಪಡೆಯ ಪೈಲಟ್. 1965 ಸೆಪ್ಟೆಂಬರ್ 9ಕ್ಕೆ ಉತ್ತರ ವಿಯೆಟ್ನಾಂನಲ್ಲಿ ಸಿಕ್ಕಿಬಿದ್ದು ಏಳು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದರು. ಕ್ರಿಸ್‌ಮಸ್‌ಗೆ ಬಿಡ್ತಾರೆ, ಈಸ್ಟರ್‌ಗೆ ಬಿಡ್ತಾರೆ ಅಂತ ಕಾದವರೇ ಮೊದಲು ಕುಸಿದರು ಅಂತ ಅವರು ಹೇಳಿದ್ದಾರೆ. ಕೊನೆಗೆ ಹೊರಗೆ ಹೋಗೇ ಹೋಗ್ತೀನಿ ಅನ್ನೋ ನಂಬಿಕೆ ಅವರಿಗೂ ಇತ್ತು. ಆದರೆ ಇವತ್ತಿನ ಸ್ಥಿತಿ ಎಷ್ಟು ಕೆಟ್ಟದಾಗಿದೆ ಅನ್ನೋದನ್ನ ತಮಗೇ ಮುಚ್ಚಿಟ್ಟುಕೊಳ್ಳಲಿಲ್ಲ.

ಇವರನ್ನ ಉಳಿಸಿದ್ದು ಪಕ್ಕದ ಕೋಣೆಯವನ ಜೊತೆ ಮಾತು. ಮಾತಾಡೋ ಹಾಗಿರಲಿಲ್ಲ, ಹಾಗಾಗಿ ಗೋಡೆ ತಟ್ಟುತ್ತಿದ್ದರು. ಇಂಗ್ಲಿಷ್ ಅಕ್ಷರಗಳನ್ನ ಐದು ಸಾಲು, ಐದು ಕಂಬಗಳ ಚೌಕದಲ್ಲಿ ಜೋಡಿಸೋದು. 26 ಅಕ್ಷರ ಇರೋದರಿಂದ 'ಕೆ' ಬಿಟ್ಟು ಅದರ ಜಾಗಕ್ಕೆ 'ಸಿ' ಬಳಸೋದು. ಮೊದಲು ಸಾಲಿನ ಲೆಕ್ಕಕ್ಕೆ ತಟ್ಟು, ಸ್ವಲ್ಪ ತಡೆದು ಕಂಬದ ಲೆಕ್ಕಕ್ಕೆ ತಟ್ಟು. ಹೊಸದಾಗಿ ಬಂದವನಿಗೆ ಧೈರ್ಯ ಹೇಳೋದು, ಯಾರು ಎಲ್ಲಿದ್ದಾರೆ ಅಂತ ಹೆಸರು ಬಾಯಿಪಾಠ ಮಾಡೋದು, ವಿಚಾರಣೆಯಲ್ಲಿ ಏನು ಕೇಳಿದರು ಅಂತ ಮುಂದಿನವನಿಗೆ ತಿಳಿಸೋದು, ಎಲ್ಲ ಈ ತಟ್ಟುವಿಕೆಯಲ್ಲೇ. ಹಿಂಸೆ ತಾಳಲಾರದೆ ಏನಾದರೂ ಬಾಯಿಬಿಟ್ಟವನು ನಾಚಿಕೆಯಿಂದ ಒಳಗೊಳಗೇ ಕುಗ್ಗುತ್ತಾನೆ. ಅವನಿಗೆ ಗೋಡೆಯ ಆಚೆಯಿಂದ "ನಮಗೂ ಹಾಗೇ ಆಗಿದೆ, ಮತ್ತೆ ಎದ್ದೇಳು" ಅಂತ ಸಂದೇಶ ಬರುತ್ತಿತ್ತು. ನನ್ನ ಪ್ರಕಾರ ಹುಡುಗನಿಗೆ ಹೇಳಬೇಕಾದ ಧೈರ್ಯ ಇದು. ಒಬ್ಬನೇ ಗಟ್ಟಿಯಾಗಿ ನಿಂತಿದ್ದಲ್ಲ, ಒಬ್ಬರನ್ನೊಬ್ಬರು ಬೀಳದ ಹಾಗೆ ಹಿಡಿದುಕೊಂಡಿದ್ದು.

ಗುಬ್ಬಿ ಹುಡುಗ
ಕನ್ನಡದಲ್ಲಿ ಮಾಡಬಹುದಲ್ಲ! ನಮ್ಮ ವರ್ಣಮಾಲೆ 49 ಅಕ್ಷರ. ಏಳೇಳ್ಲಿ ನಲವತ್ತೊಂಬತ್ತು. ಏನೂ ಬಿಡೋ ಹಾಗೇ ಇಲ್ಲ, ಕರೆಕ್ಟಾಗಿ ಕೂರುತ್ತೆ. ಮೊದಲ ಸಾಲು ಅ ಇಂದ ಋ ತನಕ. ಎರಡನೇದು ಎ ಇಂದ ಅಂ ತನಕ. ಮೂರನೇದು ಅಃ ಇಂದ ಚ. ನಾಲ್ಕು ಛ ಇಂದ ಡ. ಐದು ಢ ಇಂದ ನ. ಆರು ಪ ಇಂದ ರ. ಏಳು ಲ ಇಂದ ಳ.

6-5, 5-7, 2-1. ಏನು ಹೇಳಿ ನೋಡೋಣ?

ಲಾ ಓದ್ತಿರೋಳು
ಮ, ನ, ಎ. ಮನೆ! ಗುಣಿತಾಕ್ಷರಕ್ಕೆ ಸ್ವರ ಪಕ್ಕಕ್ಕೆ ತಟ್ಟಬೇಕು, ಸರಿ. ಒತ್ತಕ್ಷರಕ್ಕೆ ಏನು ಮಾಡ್ತೀಯಾ?

ಗುಬ್ಬಿ ಹುಡುಗ
ಎರಡು ವ್ಯಂಜನ ಪಕ್ಕಪಕ್ಕ ತಟ್ಟೋದು, ಕೇಳಿದವರು ಊಹೆ ಮಾಡಿಕೊಳ್ತಾರೆ. 'ಅಮ್ಮ' ಅಂದ್ರೆ 1-1, 6-5, 6-5.

ಮಧುಗಿರಿ ಮೇಷ್ಟ್ರು
ಇದನ್ನ ನಾಳೆಯೇ ಕ್ಲಾಸಲ್ಲಿ ಮಾಡಿಸುತ್ತೇನೆ. ಎರಡು ಕೋಣೆ, ನಡುವೆ ಗೋಡೆ. ಸ್ಕೇಲಿನಲ್ಲಿ ತಟ್ಟಲಿ. ಒಂದು ಹೆಸರು ದಾಟಿಸೋಕೆ ಎಷ್ಟು ತಾಳ್ಮೆ ಬೇಕು ಅಂತ ಕೈಗೇ ಗೊತ್ತಾಗುತ್ತದೆ.

ಮೋಟಿವೇಷನ್ ಮಂಜಣ್ಣ
ಅಮಾನಿಕೆರೆ ಮೇಡಂ, ನಿಮ್ಮ ಮಾತಲ್ಲಿ ತೂಕ ಇದೆ. ಆದರೂ ಆಸೆ ಇಲ್ಲದೆ ಯಾರೂ ಗೋಡೆ ಕೊರೆಯಲ್ಲ ಅನ್ನೋದು ನನ್ನ ವಾದ. ಪಾರುಳ್ಕರ್ ಇಟ್ಟಿಗೆ ಕಿತ್ತಿದ್ದು ಆಸೆಯಿಂದಲೇ ಅಲ್ವಾ?

ಮಾಜಿ ಏರ್‌ಮನ್, ಶಿರಾ
ಆಸೆ ಇತ್ತು, ಜೊತೆಗೆ ಕೆಲಸ ಇತ್ತು. ದಿನಾ ಕೈಗೆ ಒಂದು ಕೆಲಸ. ನಾನು ಸರ್ವೀಸಿನಲ್ಲಿ ನೋಡಿದ ಹಿರಿಯ ಪೈಲಟ್‌ಗಳೂ ಇದನ್ನೇ ಹೇಳೋರು. ಮೇಲೆ ಏನೇ ಕೆಟ್ಟರೂ ಮುಂದಿನ ಒಂದು ಕೆಲಸ ಯಾವುದು ಅಂತ ನೋಡು, ಅದನ್ನ ಮಾಡು.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಮಾರುತ್ ವಿಮಾನ ಗೊತ್ತಲ್ಲ? ನಮ್ಮ ನೆಲದ ಮೊದಲ ಜೆಟ್ ಫೈಟರ್, ಮೊದಲು ಹಾರಿದ್ದು 1961ರಲ್ಲಿ. ಆ ಮಾರುತ್‌ನಲ್ಲಿ 1971 ಡಿಸೆಂಬರ್ 5ಕ್ಕೆ ಜೆ.ಎಲ್. ಭಾರ್ಗವ ಸಿಂಧ್ ಮರುಭೂಮಿ ಮೇಲೆ ಹೋಗಿ ಬಿದ್ದರು. ಇಳಿದ ಕೂಡಲೇ ವಾಚಿನ ಟೈಮನ್ನ ಪಾಕಿಸ್ತಾನದ ಟೈಮಿಗೆ ತಿರುಗಿಸಿದರು. ನಾನು ಪಾಕಿಸ್ತಾನದ ಪೈಲಟ್ ಮನ್ಸೂರ್ ಅಲಿ ಅಂತ ಹಳ್ಳಿಯವರಿಗೆ ಹೇಳಿ, ನೀರು ಕೇಳಿ ಕುಡಿದು, ಮರಳಿನಲ್ಲಿ ನಡೆದರು. ಕೊನೆಗೆ ರೇಂಜರ್ ಒಬ್ಬ ಕಲ್ಮಾ, ಅಂದರೆ ಮುಸ್ಲಿಮರ ನಂಬಿಕೆಯ ವಚನ, ಹೇಳು ಅಂದಾಗ ಸಿಕ್ಕಿಬಿದ್ದರು. ಬೆನ್ನು ನೋಯುತ್ತಿದ್ದರೂ ಆ ಹೊತ್ತಲ್ಲಿ ವಾಚು ನೆನಪಾಯಿತಲ್ಲ, ತರಬೇತಿ ಅಂದ್ರೆ ಅದು.

ತಿಪಟೂರು ಕೊಬ್ಬರಿ
ಎಚ್‌ಎಎಲ್ ಅಂದಾಗ ನೆನಪಾಯ್ತು. ಗುಬ್ಬಿ ಹತ್ತಿರ ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಫ್ಯಾಕ್ಟರಿ ಬಂತಲ್ಲ, ಅಲ್ಲಿ ನಮ್ಮ ಕಡೆ ಹುಡುಗರಿಗೆ ಕೆಲಸ ಸಿಗ್ತಾ ಇದೆಯಾ?

ಗುಬ್ಬಿ ಹುಡುಗ
2023 ಫೆಬ್ರವರಿ 6ಕ್ಕೆ ಉದ್ಘಾಟನೆ ಆಯ್ತು. 615 ಎಕರೆ. ಮೂರು ಟನ್ ತೂಕದ, ಒಂದೇ ಎಂಜಿನ್‌ನ ಹಗುರ ಹೆಲಿಕಾಪ್ಟರ್ ಮಾಡೋ ಜಾಗ. ಐಟಿಐ ಮಾಡಿದ ನಮ್ಮೂರ ಹುಡುಗರು ಎಲ್ಲ ಕಣ್ಣಿಟ್ಟಿದ್ದಾರೆ. ನಾನೂ ಅರ್ಜಿ ಹಾಕೋನೇ. ಬೇರೆ ಥ್ರೆಡ್ ಮಾಡಣ್ಣ, ಇಲ್ಲಿ ವಿಷಯ ದಾರಿ ತಪ್ಪುತ್ತೆ.

ಮಾಜಿ ಏರ್‌ಮನ್, ಶಿರಾ
ದಾರಿ ತಪ್ಪಿಲ್ಲ ಕಣಪ್ಪ. ಹಾರೋನ ಜೀವ ನೆಲದ ಮೇಲೆ ಸ್ಪ್ಯಾನರ್ ಹಿಡಿದೋನ ಕೈಲಿ ಇರುತ್ತೆ. ಅಮೆರಿಕದ ಚಾರ್ಲಿ ಪ್ಲಂಬ್ ಅಂತ ಒಬ್ಬ ಪೈಲಟ್, 1967ರಲ್ಲಿ ವಿಯೆಟ್ನಾಂನಲ್ಲಿ ಸಿಕ್ಕಿಬಿದ್ದು ಸುಮಾರು ಆರು ವರ್ಷ ಸೆರೆಯಲ್ಲಿದ್ದರು. ವಾಪಸ್ ಬಂದ ಎಷ್ಟೋ ವರ್ಷದ ಮೇಲೆ ಹೋಟೆಲಿನಲ್ಲಿ ಒಬ್ಬರು ಬಂದು, ನಿಮ್ಮ ಪ್ಯಾರಾಶೂಟ್ ಮಡಿಸಿದ್ದು ನಾನೇ ಅಂದರಂತೆ. ಇದನ್ನ ಪ್ಲಂಬ್ ಊರೂರಲ್ಲಿ ಹೇಳಿದ್ದಾರೆ.

ನನಗೆ ಅದು ಬರೀ ಕಥೆ ಅಲ್ಲ. ಪ್ಯಾರಾಶೂಟನ್ನ ಎತ್ತರದ ಗೋಪುರದಲ್ಲಿ ನೇತುಹಾಕಿ ತೇವ ಆರಿಸಬೇಕು. ಉದ್ದ ಮೇಜಿನ ಮೇಲೆ ಹಾಸಿ ಬಟ್ಟೆ, ಹೊಲಿಗೆ, ಹಗ್ಗ ಒಂದೊಂದೂ ನೋಡಬೇಕು. ಮಡಿಸಿದ ಮೇಲೆ ಕಾರ್ಡಿನಲ್ಲಿ ಸಹಿ ಹಾಕಬೇಕು. ಆ ಸಹಿ ಹಾಕುವಾಗ ಪೈಲಟ್‌ನ ಹೆಂಡತಿ ಮಕ್ಕಳ ಮುಖ ಕಣ್ಮುಂದೆ ಬರೋದು. ಕ್ವಾರ್ಟರ್ಸ್‌ನಲ್ಲಿ ದಿನಾ ನೋಡ್ತಿದ್ದ ಮುಖಗಳೇ.

ಪಾವಗಡದ ಅಕ್ಕ
ಇಷ್ಟು ಹೊತ್ತು ಓದಿದೆ. ಈಗ ಏರ್‌ಮನ್ ಅಣ್ಣ ಹೆಂಡತಿ ಮಕ್ಕಳು ಅಂದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ವಾಪಸ್ ಬಂದವರ ಕಥೆ ಹೇಳಿದಿರಿ. ಬರದವರು?

ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ ತಾಂಬೆ. 1971 ಡಿಸೆಂಬರ್ 5ರಂದು ಅವರ ವಿಮಾನ ಬಿತ್ತು. ಸೆರೆಯಾದವರ ಪಟ್ಟಿಯಲ್ಲಿ ಅವರ ಹೆಸರನ್ನೇ ಹೋಲುವ ಹೆಸರು ಪಾಕಿಸ್ತಾನದ ಪತ್ರಿಕೆಯಲ್ಲಿ ಬಂತು. ಅವರ ಹೆಂಡತಿ ದಮಯಂತಿ ತಾಂಬೆ, ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್, ಅರ್ಜುನ ಪ್ರಶಸ್ತಿ ಪಡೆದವರು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಕೈದಿಗಳು ಬಂದ ಬಸ್ಸಿನಲ್ಲಿ ಗಂಡ ಇರಲಿಲ್ಲ. ಅಲ್ಲಿಂದ ಅವರು ಮಾಡದ ಮನವಿ ಇಲ್ಲ, ಕಾಣದ ಕಚೇರಿ ಇಲ್ಲ. 2007ರಲ್ಲಿ ಕಾಣೆಯಾದವರ ಮನೆಯವರ ತಂಡ ಪಾಕಿಸ್ತಾನದ ಜೈಲುಗಳಿಗೇ ಹೋಗಿ ಹುಡುಕಿತು. ಯಾರೂ ಸಿಗಲಿಲ್ಲ. ಇಂಥ 54 ಜನರ ಹೆಸರು ನಮ್ಮ ಸರ್ಕಾರದ ಪಟ್ಟಿಯಲ್ಲಿ ವರ್ಷಗಟ್ಟಲೆ ಇತ್ತು. ಪಾಕಿಸ್ತಾನ ನಮ್ಮಲ್ಲಿ ಯಾರೂ ಇಲ್ಲ ಅನ್ನುತ್ತಲೇ ಬಂದಿದೆ.

ನಮ್ಮ ಯಜಮಾನರು ಸೇನೆಯಲ್ಲಿದ್ದರು. ಗಡಿಯಲ್ಲಿ ಗಲಾಟೆ ಆದಾಗಲೆಲ್ಲ ಫೋನ್ ಸಿಗುತ್ತಿರಲಿಲ್ಲ. ಆ ಕೆಲವು ದಿನವೇ ನನಗೆ ಸಾಕಾಗಿ ಹೋಗುತ್ತಿತ್ತು. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಿದ್ದೆ. ಆಯಮ್ಮ ಒಂದು ಆಯುಷ್ಯ ಹಾಗೆ ಕಳೆದರು. ಮೇಷ್ಟ್ರೇ, ನಿಮ್ಮ ಒಂದು ಗಂಟೆಯಲ್ಲಿ ಅವರಿಗೂ ಹತ್ತು ನಿಮಿಷ ಕೊಡಿ. ಕ್ಲಾಸಲ್ಲಿ ಹೆಣ್ಣುಮಕ್ಕಳೂ ಇದ್ದಾರೆ.

ಲಾ ಓದ್ತಿರೋಳು
ಅಕ್ಕಾ, ನಿಮ್ಮ ಮಾತಿಗೆ ಕಾನೂನೂ ಜೊತೆಗಿದೆ. ಯುದ್ಧ ನಿಂತ ಮೇಲೆ ತಡಮಾಡದೆ ಕೈದಿಗಳನ್ನು ಬಿಡಬೇಕು ಅಂತ 118ನೇ ವಿಧಿ ಹೇಳುತ್ತದೆ. 1971ರಲ್ಲಿ ನಮ್ಮ ಹತ್ತಿರ ಸುಮಾರು 93,000 ಪಾಕಿಸ್ತಾನಿ ಕೈದಿಗಳಿದ್ದರು. ಅವರು ಪೂರ್ತಿ ವಾಪಸ್ ಹೋಗಿದ್ದು 1974ರ ಏಪ್ರಿಲ್‌ಗೆ. ಅಷ್ಟೂ ಜನರನ್ನ ಕಳಿಸಿಕೊಡುವಾಗ ನಮ್ಮ ಕಾಣೆಯಾದವರ ಬಗ್ಗೆ ಗಟ್ಟಿಯಾಗಿ ಕೇಳಬೇಕಿತ್ತು ಅನ್ನೋದು ಆ ಮನೆಗಳವರ ನೋವು.

ಕ್ಯಾತ್ಸಂದ್ರದವ
ಕೇಳಿದ್ದರೋ ಇಲ್ಲವೋ, ಉತ್ತರ ಅಂತೂ ಬರಲಿಲ್ಲ. ಇದನ್ನ ಮಕ್ಕಳಿಗೆ ಹೇಳೋದು ಕಷ್ಟ. ಆದರೂ ಹೇಳಬೇಕು.

ಮೋಟಿವೇಷನ್ ಮಂಜಣ್ಣ
ಹತ್ತನೇ ಕ್ಲಾಸಿನ ಮಕ್ಕಳಿಗೆ ಇಷ್ಟು ಭಾರದ ವಿಷಯ ಬೇಕಾ? ವಿಜಯ ದಿವಸ ಅಲ್ವಾ, ಗೆಲುವಿನ ಮಾತು ಇರಲಿ.

ಪಾವಗಡದ ಅಕ್ಕ
ಗೆದ್ದ ಯುದ್ಧದಲ್ಲೂ ಬರದವರು ಇರುತ್ತಾರೆ ಮಂಜಣ್ಣ. ಹದಿನೈದು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ.

ಮಧುಗಿರಿ ಮೇಷ್ಟ್ರು
ಅಕ್ಕನ ಮಾತೇ ಸರಿ ಅನ್ನಿಸುತ್ತದೆ. ದಮಯಂತಿ ತಾಂಬೆ ಅವರ ಬಗ್ಗೆ ಹೇಳುತ್ತೇನೆ. ಆ ಭಾಗವನ್ನು ಒಬ್ಬ ಹುಡುಗಿಯ ಕೈಲಿ ಓದಿಸುತ್ತೇನೆ. ಏರ್‌ಮನ್ ಸಾರ್, ಶಿರಾದಿಂದ ಮಧುಗಿರಿಗೆ ಒಂದು ದಿನ ಬರೋಕಾಗುತ್ತಾ? ಪ್ಯಾರಾಶೂಟ್ ಮಡಿಸೋದು, ಎಜೆಕ್ಷನ್ ಸೀಟು, ಇದನ್ನೆಲ್ಲ ನಿಮ್ಮ ಬಾಯಲ್ಲೇ ಮಕ್ಕಳು ಕೇಳಬೇಕು.

ಮಾಜಿ ಏರ್‌ಮನ್, ಶಿರಾ
ಬರ್ತೀನಿ ಮೇಷ್ಟ್ರೇ. ಒಂದು ದೊಡ್ಡ ಬೆಡ್‌ಶೀಟು, ನಾಲ್ಕು ಬೆಂಚು, ಒಂದಿಷ್ಟು ನೂಲು ಹಗ್ಗ ತೆಗೆದಿಡಿ. ಮಡಿಸೋದನ್ನ ಮಕ್ಕಳ ಕೈಲೇ ಮಾಡಿಸ್ತೀನಿ. ಮಡಿಸಿದವರು ಕಾರ್ಡಿನಲ್ಲಿ ಸಹಿ ಹಾಕಬೇಕು, ಅದನ್ನ ಮಾತ್ರ ಬಿಡೋ ಹಾಗಿಲ್ಲ.

ಗುಬ್ಬಿ ಹುಡುಗ
ನಾನು ಏಳೇಳರ ಅಕ್ಷರ ಚೌಕವನ್ನ ಚಾರ್ಟ್ ಮಾಡಿ ಬಸ್ಸಿನಲ್ಲಿ ಕಳಿಸ್ತೀನಿ ಸಾರ್. ದಪ್ಪ ಅಕ್ಷರದಲ್ಲಿ, ಹಿಂದಿನ ಬೆಂಚಿಗೂ ಕಾಣೋ ಹಾಗೆ.

ತಿಪಟೂರು ಕೊಬ್ಬರಿ
ಮಕ್ಕಳಿಗೆ ಕೊಬ್ಬರಿ ಮಿಠಾಯಿ ನನ್ನ ಕಡೆಯಿಂದ. ಎಷ್ಟು ಜನ ಇದ್ದಾರೆ ಹೇಳಿ ಮೇಷ್ಟ್ರೇ.